ಹಡಗು ಹತ್ತದ ಶೆಲ್ಲುಗಳು

ಪಕ್ಕದ ದೇಶದ ಜನ ಬೀದಿಗಿಳಿದು ವಾರಗಳೇ ಆಗಿದ್ದವು. ಅಲ್ಲಿನ ಸರ್ವಾಧಿಕಾರಿ ಮಾತ್ರ ಕುರ್ಚಿಗೆ ಅಂಟಿಕೊಂಡು ಕೂತಿದ್ದ. ನಾವೇನು ಮಾಡಬೇಕೆಂದು ಸಚಿವರಿಗೆ ಸಲಹೆ ಬರೆದುಕೊಡುವ ಹೊಣೆ ವಿದೇಶಾಂಗ ಇಲಾಖೆಯ ಒಬ್ಬ ಅಧಿಕಾರಿಣಿಯ ಪಾಲಿಗೆ ಬಂತು.

ಸುಮ್ಮನಿರಬಹುದು, ಖಂಡಿಸಬಹುದು, ಇಲ್ಲವೇ ಇಲ್ಲಿಂದ ಆ ಸರ್ಕಾರಕ್ಕೆ ಹೋಗುವ ಅಶ್ರುವಾಯು ಶೆಲ್ಲುಗಳನ್ನು ನಿಲ್ಲಿಸಬಹುದು ಎಂದು ಬರೆದಳು. ಕೊನೆಯದೇ ಸರಿ ಎಂದೂ ಸೇರಿಸಿದಳು.

ಕಾರ್ಯದರ್ಶಿ ಓದಿ ಕನ್ನಡಕ ತೆಗೆದಿಟ್ಟರು. "ಕೊನೇದು ತೆಗೆದುಬಿಡಮ್ಮ. ಶೆಲ್ ಫ್ಯಾಕ್ಟರಿ ಇರೋದು ಸಚಿವರ ಕ್ಷೇತ್ರದಲ್ಲಿ."

"ಗೊತ್ತು ಸಾರ್. ನಮ್ಮಣ್ಣ ಅಲ್ಲೇ ಕೆಲಸ ಮಾಡೋದು."

"ಮತ್ತೆ? ಮನೆಯವರ ಹೊಟ್ಟೆ ಮೇಲೇ ಹೊಡೀತೀಯಾ?"

ಅವಳು ಒಂದಕ್ಷರವನ್ನೂ ತೆಗೆಯಲಿಲ್ಲ. ಸಂಜೆ ನೇರವಾಗಿ ಅಣ್ಣನ ಮನೆಗೆ ಹೋದಳು. ಅಪ್ಪ ತೀರಿಕೊಂಡ ಮೇಲೆ ಅವಳನ್ನು ಓದಿಸಿದವನು ಅವನೇ. ಮದ್ದಿನ ಪುಡಿಗೆ ಸಿಪ್ಪೆ ಎದ್ದ ಬೆರಳುಗಳಿಗೆ ಎಣ್ಣೆ ಹಚ್ಚಿಕೊಳ್ಳುತ್ತ ಕೂತಿದ್ದ.

"ಅಣ್ಣಾ, ನಿಮ್ಮ ಫ್ಯಾಕ್ಟರೀಲಿ ಮಾಡೋ ಶೆಲ್ಲನ್ನ ಅಲ್ಲಿ ಜನರ ಮುಖಕ್ಕೇ ಗುರಿಯಿಟ್ಟು ಹೊಡೀತಿದ್ದಾರೆ. ಕಣ್ಣು ಹೋದವರ ಫೋಟೋ ನೋಡಿದೀನಿ. ಕಳಿಸೋದು ನಿಲ್ಲಿಸಿ ಅಂತ ಬರೆದೆ."

ಅವನು ತಲೆಯೆತ್ತಲಿಲ್ಲ. "ಒಪ್ಪಿಗೆ ಕೇಳೋಕೆ ಬಂದ್ಯಾ?"

"ಇಲ್ಲ. ಬೇರೆಯವರ ಬಾಯಿಂದ ನಿನಗೆ ಗೊತ್ತಾಗಬಾರದು ಅಂತ ಬಂದೆ."

ಅವನು ಎದ್ದು ಒಳಗೆ ಹೋದ. ಅತ್ತಿಗೆ ಕೊಟ್ಟ ಚಹಾವನ್ನು ಅವಳು ಒಬ್ಬಳೇ ಕುಡಿದು ಬಂದಳು.

ಮರುದಿನ ಸಭೆಯಲ್ಲಿ ಸಚಿವರು ಕೇಳಿದರು, "ನಾವು ನಿಲ್ಲಿಸಿದ್ರೆ ಆ ಸರ್ವಾಧಿಕಾರಿ ಬೇರೆ ಕಡೆ ಕೊಳ್ತಾನೆ. ಏನು ಬಂತು?"

"ಕೊಳ್ಳಬಹುದು ಸಾರ್. ಅದಕ್ಕೆ ಸಮಯ ಬೇಕು. ಅಲ್ಲೀವರೆಗೆ ಒಂದಿಷ್ಟು ಕಣ್ಣು ಉಳಿಯುತ್ತೆ. ಅವನು ಹೋದ ಮೇಲೆ ನಾವು ಮಾತಾಡಬೇಕಾಗೋದೂ ಆ ಜನರ ಜೊತೆಗೇ."

"ಹೋಗದೇ ಇದ್ರೆ?"

"ಆಗಲೂ ಅವರು ನಮ್ಮ ನೆರೆಯವರೇ."

ಸಚಿವರು ಕಡತವನ್ನು ಹತ್ತಿರಕ್ಕೆಳೆದುಕೊಂಡು ಪೆನ್ನಿನ ಮುಚ್ಚಳ ತೆಗೆದರು. "ನನ್ನ ಕ್ಷೇತ್ರದ ಕೆಲಸಗಾರರಿಗೆ ಇದನ್ನ ನೀವೇ ಬಂದು ಹೇಳ್ತೀರಾ?"

"ಹೇಳ್ತೀನಿ."

ಶೆಲ್ಲುಗಳನ್ನು ಬಂದರಿನಲ್ಲೇ ತಡೆದರು. ಫ್ಯಾಕ್ಟರಿಗೆ ಅರ್ಧ ಪಾಳಿಯ ಕೆಲಸವಷ್ಟೇ ಉಳಿಯಿತು. ಅವಳು ಗೇಟಿನೆದುರು ನಿಂತಾಗ ಯಾರೂ ಮಾತಾಡಗೊಡಲಿಲ್ಲ. "ಫ್ಯಾನ್ ಕೆಳಗೆ ಕೂತವರಿಗೆ ನಮ್ಮ ಕಷ್ಟ ಏನು ಗೊತ್ತು?" ಎಂದು ಒಬ್ಬ ಕೂಗಿದ.

ಗುಂಪು ಸೀಳಿಕೊಂಡು ಅಣ್ಣ ಮುಂದೆ ಬಂದ. ಅವಳ ಮುಖ ನೋಡದೆ ಕೆಲಸಗಾರರತ್ತ ತಿರುಗಿದ.

"ಮೊದಲು ಪೂರ್ತಿ ಕೇಳಿ, ಆಮೇಲೆ ಬೈಯಿರಿ. ನಾನೂ ಬೈಯೋದಿದೆ."

ಯಾರೋ ನಕ್ಕರು. ಗದ್ದಲ ಇಳಿಯಿತು. ಅವಳು ಕಣ್ಣು ಕಳೆದುಕೊಂಡ ಒಬ್ಬ ಹೆಂಗಸಿನ ವಿಷಯದಿಂದ ಶುರುಮಾಡಿದಳು.