ಒಂದೇ ಕೈ ಸುಣ್ಣ

ಗಜೇಂದ್ರಗಡದ ಬಳೆಗಾರ್ತಿ ಲಾಲಬಿಯ ಮನೆಗೆ ಬಾಗಿಲಿಲ್ಲದೆ ಅಂದಿಗೆ ಇಪ್ಪತ್ತೆರಡು ದಿನ. ಕಳ್ಳರು ಒಯ್ದದ್ದಲ್ಲ, ಗೆದ್ದಲು ತಿಂದದ್ದೂ ಅಲ್ಲ. ಮನೆ ರಿಪೇರಿ ಮಾಡಿದ ಗೌಂಡಿ ಹೊಳಿಯಪ್ಪನೇ ಅದನ್ನು ಕಿತ್ತೊಯ್ದು ತನ್ನ ಅಂಗಳದಲ್ಲಿ ನಿಲ್ಲಿಸಿಕೊಂಡಿದ್ದ. ಹೀಗೂ ಉಂಟೇ ಎಂದು ಕೇಳಬೇಡಿ. ಎರಡು ಸಾವಿರದ ಆರನೇ ಇಸವಿಯ ಮಳೆಗಾಲದಲ್ಲಿ ಹೀಗೂ ಆಯಿತು.

ಮಾತಾಗಿದ್ದು ಬೇಸಿಗೆಯಲ್ಲಿ. ಸೋರುವ ಮಾಳಿಗೆಗೆ ಸವಳು ಮಣ್ಣು, ಬಾಗಿಲಿನ ಹುಳ ಹಿಡಿದ ಚೌಕಟ್ಟಿನ ರಿಪೇರಿ, ಗೋಡೆಗೆ ಒಂದರ ಮೇಲೊಂದು ಎರಡು ಕೈ ಸುಣ್ಣ, ಎಲ್ಲಾ ಸೇರಿ ನಾಲ್ಕೂವರೆ ಸಾವಿರ. ಲಾಲಬಿ ಹಾಳೆ ತರಲು ಹೋದರೆ ಹೊಳಿಯಪ್ಪ ನಕ್ಕುಬಿಟ್ಟಿದ್ದ.

"ಹಾಳಿ ಯಾಕ್ರಿ ಬೂಬು? ಗ್ವಾಡಿ ಐತಲ್ಲ!"

ಬಾಗಿಲ ಒಳಮಗ್ಗುಲಿನ ಗೋಡೆಯ ಮೇಲೆ ಇದ್ದಿಲಿನಿಂದ ಎಲ್ಲವನ್ನೂ ಬರೆದ. ಕೊನೆಗೆ ಗಾರೆ ಮೆತ್ತುವ ಕರಣಿಯ ಒಂದು ಚಿತ್ರ. ಆ ಚಿತ್ರ ಅವನ ರುಜು, ಅವನ ಜಂಬ. ಹಳೆಯ ಗೌಂಡಿಗಳ ಪದ್ಧತಿಯೇ ಹಾಗೆ. ಮಾತು ಗೋಡೆಯ ಮೇಲಿರಬೇಕು, ಕೆಲಸ ಮುಗಿದು ಲೆಕ್ಕ ಹರಿದ ಮೇಲೆ ಮನೆಯವರ ಕಣ್ಣೆದುರೇ ಸುಣ್ಣ ಬಳಿದು ಅದನ್ನು ಅಳಿಸಬೇಕು. ಲಾಲಬಿಯ ಅಪ್ಪನ ಕಾಲದಲ್ಲೂ ಹೀಗೇ ನಡೆದಿತ್ತು. ನಂಬಿದಳು, ಹಣವನ್ನೆಲ್ಲ ಮೊದಲೇ ಕೊಟ್ಟಳು.

ಒಂದು ದಿನ ಬಳೆಯ ಬುಟ್ಟಿ ಹೊತ್ತು ಪಕ್ಕದ ಹಳ್ಳಿ ಲಕ್ಕಲಕಟ್ಟಿಗೆ ಹೋಗಿ ಸಂಜೆ ಬಂದರೆ ಗೋಡೆ ಬೆಳ್ಳಗೆ, ಬಾಗಿಲು ಮಾಯ! ಚೌಕಟ್ಟೋ, ಇದ್ದ ಹಾಗೇ ಹುಳ ತಿಂದುಕೊಂಡು ನಿಂತಿತ್ತು. ಹೊಳಿಯಪ್ಪನ ಮನೆಗೆ ಓಡಿದಳು.

"ಮ್ಯಾಲಿನ ಕೆಲಸ ಭಾಳ ಆತ್ರಿ ಬೂಬು," ಎಂದು ಅವನು ಒಂದು ಬಿಲ್ಲು ಚಾಚಿದ. "ಮಣ್ಣು ನಾಕು ಗಾಡಿ ಹೆಚ್ಚಿಗಿ ಹಿಡೀತು. ಸುಣ್ಣ ಎರಡು ಕೈ, ಅದರದು ಬ್ಯಾರೆ. ಇನ್ನ ಮೂರು ಸಾವಿರದ ಎಂಟನೂರು ಕೊಡ್ರಿ, ಬಾಗಲಾ ಒಯ್ರಿ."

"ಎಲ್ಲಾ ಸೇರಿ ನಾಕೂವರಿ ಅಂತ ನೀವ ಗ್ವಾಡಿ ಮ್ಯಾಲೆ ಬರದೀರಲ್ರಿ ಗೌಂಡೇರ!"

"ಎಲ್ಲಿ ಬರದೇನ್ರಿ? ತೋರಸ್ರಿ ನೋಡೂಣು."

ಅವಳಿಲ್ಲದಾಗ ಬರಹದ ಮೇಲೆಯೇ ಅವನು ಸುಣ್ಣ ಬಳಿದಿದ್ದ. ತೋರಿಸುವುದೇನನ್ನು? ಲಾಲಬಿ ಬಾಗಿಲ ಜಾಗಕ್ಕೆ ಹಳೆ ಬಟ್ಟೆಯ ಕೌದಿ ಕಟ್ಟಿಕೊಂಡು ಕುಳಿತಳು. ಒಳಗೆ ಗಾಜಿನ ಬಳೆಯ ಪೆಟ್ಟಿಗೆಗಳು, ಸಾಲ ತಂದು ತುಂಬಿಸಿದ ಮಾಲು. ಬಾಗಿಲಿಲ್ಲದ ಮನೆ ಬಿಟ್ಟು ವ್ಯಾಪಾರಕ್ಕೆ ಹೋಗುವುದು ಹೇಗೆ? ಶ್ರಾವಣ ಎದುರಿಗಿತ್ತು. ಹಳ್ಳಿಯ ಹೆಂಗಸರು ಬಳೆಗಾಗಿ ದಾರಿ ಕಾಯುತ್ತಿದ್ದರು, ಇವಳು ಹೊಸ್ತಿಲು ಕಾಯುತ್ತಿದ್ದಳು.

ಎದುರು ಮನೆಯ ಪುಷ್ಪಾವತಿ, ಶಾಲೆಯಲ್ಲಿ ಕಲಿಸುವ ಅಕ್ಕೋರು, ಬಳೆ ಇಡಿಸಿಕೊಳ್ಳಲು ಬಂದಾಗ ಲಾಲಬಿ ಎಲ್ಲವನ್ನೂ ಹೇಳಿ ಅತ್ತುಬಿಟ್ಟಳು.

"ಅಳ್ತೀರ್ಯಾಕ? ರೊಕ್ಕಾ ಕೊಟ್ಟು ಕೆಲಸಾ ಮಾಡಿಸೀರಿ ಅಂದಮ್ಯಾಲ ನೀವು ಗ್ರಾಹಕರು," ಎಂದರು ಅಕ್ಕೋರು. "ನಿಮ್ಮನ್ನ ಕೇಳಲಾರದ ಹೆಚ್ಚಿಗಿ ಬಿಲ್ ಹಚ್ಚಾಕ ಬರೂದಿಲ್ಲ. ಗದಗಿನ್ಯಾಗ ಗ್ರಾಹಕರ ವೇದಿಕಿ ಐತಿ. ಹಾಳ್ಯಾಗ ಬರದು ಕೊಟ್ಟರಾತು, ವಕೀಲರ ಬೇಕಂತೇನಿಲ್ಲ. ಆದ್ರ ಒಂದು ಸಾಕ್ಷಿ ಬೇಕ ನೋಡ್ರಿ."

ಅಕ್ಕೋರೇ ಬರೆದ ನೋಟೀಸು ರಿಜಿಸ್ಟರ್ ಅಂಚೆಯಲ್ಲಿ ಹೋಯಿತು. ಹೊಳಿಯಪ್ಪ ಅದನ್ನು ಚಹಾದಂಗಡಿಯಲ್ಲಿ ಓದಿಸಿ ನಗಾಡಿದನಂತೆ.

ಇಪ್ಪತ್ತೆರಡನೆಯ ದಿನ ಮಧ್ಯಾಹ್ನ ಗಾಳಿ ಎದ್ದಿತು, ಹಿಂದೆಯೇ ಮಳೆ. ಕೌದಿ ಹಾರಿ ಬಿತ್ತು. ಇರಚಲು ಸೀದಾ ಒಳಗೆ ನುಗ್ಗಿ ಗೋಡೆಗೆ ಹೊಡೆಯಿತು. ಪೆಟ್ಟಿಗೆಗಳನ್ನು ಒಳಗೊಳಗೆ ಎಳೆಯುತ್ತ ಲಾಲಬಿ ಹೊಳಿಯಪ್ಪನ ಏಳು ತಲೆಮಾರಿಗೆ ಶಾಪ ಹಾಕುತ್ತಿದ್ದಳು. "ಅವನ ಕೈ ಸೇದಿ ಹೋಗ್ಲಿ, ಅವನ..." ಅಷ್ಟರಲ್ಲಿ ಬಾಯಿ ನಿಂತಿತು.

ತೊಯ್ದ ಸುಣ್ಣದ ಹಿಂದಿನಿಂದ ಕರಣಿಯೊಂದು ಕಪ್ಪಗೆ ಇಣುಕುತ್ತಿತ್ತು. ಅದರ ಮೇಲೆ ಅಂಕಿ, ಅಂಕಿಯ ಮೇಲೆ ಅಕ್ಷರ.

"ಯಾ ಅಲ್ಲಾ! ಅಕ್ಕೋರ, ಓಡಿ ಬರ್ರಿ!"

ಅಕ್ಕೋರು ಸೆರಗು ಹೊದ್ದು ಓಡಿ ಬಂದರು, ಓದಿದರು. ಗೋಡೆ ಆರಿದಂತೆ ಬರಹವೆಲ್ಲ ಸುಣ್ಣದೊಳಗೆ ಹೋಗಿ ಅಡಗಿತು. ಇಬ್ಬರೂ ಮುಖ ಮುಖ ನೋಡಿಕೊಂಡು ಹುಚ್ಚರಂತೆ ನಕ್ಕರು.

ದೂರು ಕೊಟ್ಟು, ವಿಚಾರಣೆಗೆಂದು ಗದಗಿಗೆ ಹೋದ ದಿನ ಓಣಿಯವರೇ ಸರದಿಯ ಮೇಲೆ ಮನೆ ಕಾದರು. ವೇದಿಕೆಯಲ್ಲಿ ಹೊಳಿಯಪ್ಪನ ವಕೀಲರು ಬರೆದ ಕರಾರೇ ಇಲ್ಲವೆಂದು ವಾದಿಸಿದರು. ಲಾಲಬಿ ಎದ್ದು ನಿಂತಳು.

"ಬರದದ್ದು ಐತ್ರಿ ಸಾಹೇಬ್ರ. ಆದ್ರ ಅದು ಗ್ವಾಡಿ. ಹೊತ್ತು ತರಾಕ ಆಗಲಿಲ್ಲ."

ಅಧ್ಯಕ್ಷರು ನಕ್ಕರು. ಗೋಡೆ ಬರಲಾಗದಿದ್ದರೆ ನಾವೇ ನೋಡಿಸೋಣ ಎಂದು, ಪರಿಶೀಲನೆಗೆ ಒಬ್ಬ ಕಮಿಷನರರನ್ನು ನೇಮಿಸಿದರು.

ಅವರು ಬಂದ ದಿನ ಓಣಿಗೆ ಓಣಿಯೇ ಸೇರಿತ್ತು. ಬೆಳ್ಳನೆಯ ಗೋಡೆ ನೋಡಿ ಹೊಳಿಯಪ್ಪ ಕೈಕಟ್ಟಿ ನಿಂತು ಮೀಸೆಯಲ್ಲೇ ನಗುತ್ತಿದ್ದ. ಲಾಲಬಿ ಬಿಸ್ಮಿಲ್ಲಾ ಎಂದು ಒಂದು ಚರಿಗೆ ನೀರು ಎರಚಿದಳು. ಏನೂ ಕಾಣಲಿಲ್ಲ. ಎರಡನೆಯ ಚರಿಗೆ ಎರಚಿದಳು. ಸುಣ್ಣ ನೀರು ಕುಡಿಯಿತು, ಮೆಲ್ಲಗೆ ಕರಣಿ ಮೂಡಿತು.

ಕಮಿಷನರರು ಕನ್ನಡಕ ಏರಿಸಿ ಗಟ್ಟಿಯಾಗಿ ಓದಿದರು: "ಮಾಳಿಗಿ, ಬಾಗಲಾ, ಸುಣ್ಣ ಎರಡು ಕೈ. ಎಲ್ಲಾ ಸೇರಿ ನಾಲ್ಕು ಸಾವಿರದ ಐದುನೂರು. ಕೆಳಗ ಕರಣಿಯ ರುಜು." ಆಮೇಲೆ ಅವನತ್ತ ತಿರುಗಿದರು. "ಬಿಲ್ಲಿನ್ಯಾಗ ಎರಡು ಕೈ ಸುಣ್ಣ ಅಂತ ಬರದೀರಿ. ಎರಡು ಕೈ ಹೊಡದಿದ್ರ ಇದು ಕಾಣ್ತಿತ್ತೇನ್ರಿ?"

ಹೊಳಿಯಪ್ಪನ ಕಟ್ಟಿದ ಕೈ ಕೆಳಗಿಳಿಯಿತು. ಒಂದು ಕೈ ಸುಣ್ಣ ಉಳಿಸಲು ಹೋದವನ ಮಾನ ಅದೇ ಗೋಡೆಯ ಮೇಲೆ ಹೋಯಿತು. ಇನ್ನು ಬಾಗಿಲು ಕದ್ದು ಮಳೆಯನ್ನು ಒಳಗೆ ಕರೆದವನೂ ಇವನೇ. ಮಾಡಿದ್ದುಣ್ಣೋ ಮಹಾರಾಯ! ಓಣಿಯ ಹೆಂಗಸರು ಹೊಡೆದ ಚಪ್ಪಾಳೆಗೆ ಅವರ ಕೈಬಳೆಗಳೆಲ್ಲ ಗಲಗಲಿಸಿದವು. ಅಷ್ಟೂ ಲಾಲಬಿಯೇ ಇಟ್ಟ ಬಳೆಗಳು.

ದಸರೆಗೆ ಮುಂಚೆ ಆದೇಶ ಬಂತು. ಹೆಚ್ಚಿನ ಬಿಲ್ಲು ರದ್ದು. ಚೌಕಟ್ಟು ಸರಿಮಾಡಿ ಬಾಗಿಲು ಕೂಡಿಸಬೇಕು, ಬಾಕಿ ಸುಣ್ಣ ಹೊಡೆಯಬೇಕು, ಮೇಲೆ ಎರಡು ಸಾವಿರ ಪರಿಹಾರ. ಶ್ರಾವಣದ ವ್ಯಾಪಾರ ಹೋಗಿತ್ತು, ದೀಪಾವಳಿಯದು ಕೈಯಲ್ಲಿತ್ತು.

ಹೊಳಿಯಪ್ಪ ತಾನೇ ಬಾಗಿಲು ಹೊತ್ತು ತಂದ. ಹಗಲೆಲ್ಲ ದುಡಿದು ಕೆಲಸ ಮುಗಿಸಿ ಹಣ ಎಣಿಸಿಕೊಟ್ಟು ಹೊರಬಿದ್ದ. ಲಾಲಬಿ ಬಾಗಿಲು ಹಾಕಿ ಅಗಳಿ ಸರಿಸಿದಳು. ಆ ಕಟಕ್ ಸದ್ದಿಗೆ ಅವಳ ಕಣ್ಣು ತುಂಬಿ ಬಂತು. ತನ್ನ ಮನೆ, ತನ್ನ ಬಾಗಿಲು! ತೆರೆದಳು, ಮತ್ತೆ ಹಾಕಿದಳು.

ಹೊರಗಿನಿಂದ ಯಾರೋ ಮೆಲ್ಲಗೆ ಬಡಿದರು.

"ಬೂಬು... ನನ್ನ ಕರಣಿ ಒಳಗ ಉಳೀತ್ರಿ."

ನೋಡಿದರೆ ಹೌದು, ಮೂಲೆಯಲ್ಲಿ ಬಿದ್ದಿತ್ತು. ಅಗಳಿಯ ಮೇಲೆ ಕೈಯಿಟ್ಟು ಲಾಲಬಿ ಒಂದು ಗಳಿಗೆ ನಿಂತಳು. ಆ ಗಳಿಗೆಯ ಸುಖ ಎರಡು ಸಾವಿರಕ್ಕೂ ಹೆಚ್ಚಿನದಾಗಿತ್ತು. ಆಮೇಲೆ ಬಾಗಿಲು ತೆರೆದು, ಕರಣಿಯನ್ನು ಸೆರಗಿನಿಂದ ಒರೆಸಿ ಅವನ ಕೈಗಿಟ್ಟಳು.

"ತಗೋರಿ ಗೌಂಡೇರ. ಮಂದಿ ಸಾಮಾನು ಹಿಡದಿಟ್ಟುಕೊಳ್ಳೂದು ನಮ್ಮ ಮನ್ಯಾಗ ರೂಢಿ ಇಲ್ಲ."

ಮರುದಿನ ಬೆಳಿಗ್ಗೆ ಬಳೆಯ ಬುಟ್ಟಿ ಹೊತ್ತು, ಬಾಗಿಲಿಗೆ ಕೀಲಿ ಜಡಿದು, ಒಂದು ಸಲ ಜಗ್ಗಿ ನೋಡಿ, ಲಾಲಬಿ ಲಕ್ಕಲಕಟ್ಟಿಯ ದಾರಿ ಹಿಡಿದಳು.