ಬಸ್ಸಿನಿಂದ ಇಳಿದವನು

ಕಥೆಗಾರನ ತಿಂಗಳು ಎಲ್ಲರ ತಿಂಗಳಿನ ಹಾಗೆ ಒಂದನೇ ತಾರೀಖಿಗೆ ಶುರುವಾಗುತ್ತಿರಲಿಲ್ಲ, ಇಪ್ಪತ್ತಾರಕ್ಕೆ ಶುರುವಾಗುತ್ತಿತ್ತು. ಇಪ್ಪತ್ತೈದರೊಳಗೆ ಮಾಸಪತ್ರಿಕೆಗೆ ಒಂದು ಕಥೆ ತಲುಪಿಸಬೇಕು. ತಲುಪಿಸಿದ ಮರುದಿನ ಬೆಳಿಗ್ಗೆ ಕ್ಷೌರ ಮಾಡಿಸಿಕೊಂಡು, ಗ್ರಂಥಾಲಯದಿಂದ ಐದು ಪುಸ್ತಕ ಹೊತ್ತು ತಂದು, ಕಿಟಕಿ ಪಕ್ಕದ ಕುರ್ಚಿಯಲ್ಲಿ ಕಾಲು ಚಾಚಿದನೆಂದರೆ ಹತ್ತು ದಿನ ಬರೀ ಓದು. ಓದಿದ್ದನ್ನೆಲ್ಲ ಉದ್ದನೆಯ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದ: ಪುಸ್ತಕದ ಹೆಸರು, ಮುಗಿಸಿದ ತಾರೀಖು, ಪಕ್ಕದಲ್ಲಿ ಒಂದೇ ಒಂದು ಮಾತು. ಆ ಮಾತೋ, ಮೆಣಸಿನಕಾಯಿ. 'ನೂರು ಪುಟ ಹೆಚ್ಚಾಯಿತು.' 'ನಾಯಕನಿಗಿಂತ ಅವನ ನಾಯಿ ವಾಸಿ.' ಆ ಪುಸ್ತಕಗಳನ್ನು ಬರೆದವರು ಯಾರೂ ಆ ನೋಟ್‌ಬುಕ್ಕನ್ನು ನೋಡಲಿಲ್ಲ, ಅವನ ಪುಣ್ಯ.

ಮುಂದಿನ ಹತ್ತು ದಿನ ಅಲೆದಾಟ. ಮಾರುಕಟ್ಟೆ, ರೈಲು ನಿಲ್ದಾಣ, ಚಪ್ಪಲಿ ಹೊಲಿಯುವವನ ಪಕ್ಕದ ಕಲ್ಲುಬೆಂಚು. ಇದು ಕೆಲಸವೋ ಸೋಮಾರಿತನವೋ ಮೂವತ್ತೊಂದು ವರ್ಷವಾದರೂ ತನಗೆ ಗೊತ್ತಾಗಿಲ್ಲವೆಂದು ಹೆಂಡತಿ ಬಂದವರೆದುರೆಲ್ಲ ಹೇಳುತ್ತಿದ್ದಳು. ಆಮೇಲೆ ಬರವಣಿಗೆ. ಹಳೆಯ ಅರ್ಜಿ ನಮೂನೆಗಳ ಹಿಂಬದಿಯಲ್ಲಿ, ಪೆನ್ಸಿಲಿನಲ್ಲಿ, ಹೊಡೆದುಹಾಕಿ, ಬಾಣ ಎಳೆದು, ಅಂಚಿನಲ್ಲಿ ತುರುಕಿ ಬರೆಯುತ್ತಿದ್ದ. ಆ ಬರಹವನ್ನು ಓದಬಲ್ಲವಳು ಈ ಭೂಮಿಯ ಮೇಲೆ ಒಬ್ಬಳೇ, ಅವನ ಅಕ್ಕ.

ಅಕ್ಕ ಇದ್ದದ್ದು ಎರಡು ಬೀದಿ ಆಚೆ, ಮಗಳ ಮನೆಯ ಮಹಡಿಯಲ್ಲಿ. ಒಂದು ಕಾಲಕ್ಕೆ ನ್ಯಾಯಾಲಯದ ನಕಲು ವಿಭಾಗದಲ್ಲಿ ಗುಮಾಸ್ತೆ. ತೀರ್ಪು, ಕ್ರಯಪತ್ರ, ಸಾಕ್ಷಿ ಹೇಳಿಕೆ, ಯಾವುದೇ ಬರಲಿ, ಒಂದಕ್ಷರ ಆಚೀಚೆಯಾಗದಂತೆ ಇನ್ನೊಂದು ಪ್ರತಿ ಮಾಡಿ, ಕೆಳಗೆ 'ಅಸಲಿನಂತೆ ಇದೆ' ಎಂದು ಬರೆದು ರುಜು ಹಾಕುವುದು ಅವಳ ಕೆಲಸ. ಅಸಲಿನಲ್ಲಿ ತಪ್ಪಿದ್ದರೆ ನಕಲಿನಲ್ಲೂ ಆ ತಪ್ಪಿರಬೇಕು. ಮೂವತ್ತೆಂಟು ವರ್ಷದಲ್ಲಿ ಅವಳ ಒಂದು ಪ್ರತಿಯೂ ವಾಪಸ್ ಬರಲಿಲ್ಲ. ಇಂಥವಳು ತಮ್ಮನ ಕಥೆಗಳನ್ನೂ ಇಪ್ಪತ್ತೇಳು ವರ್ಷ ಮುತ್ತಿನಂಥ ಅಕ್ಷರದಲ್ಲಿ ನಕಲು ಮಾಡಿ, ತಾನೇ ಲಕೋಟೆಗೆ ಹಾಕಿ ಅಂಟಿಸಿ ಕಳಿಸುತ್ತಿದ್ದಳು. ನಾಲ್ಕು ವರ್ಷದಿಂದ ಕೈ ನಡುಗುತ್ತಿತ್ತು, ಕಣ್ಣೂ ಮಂಜು. ಆಮೇಲೆ ಕಥೆಗಾರ ತಾನೇ ತಿಣುಕಿ ತಿಣುಕಿ ಪ್ರತಿ ಮಾಡುತ್ತಿದ್ದ, ಆ ಮೂರು ದಿನ ಮನೆಯಲ್ಲಿ ಯಾರೂ ಅವನನ್ನು ಮಾತಾಡಿಸುತ್ತಿರಲಿಲ್ಲ.

ಅವನಿಗೆ ಇನ್ನೊಂದು ಹಟವಿತ್ತು. ಅಚ್ಚಾದ ತನ್ನ ಕಥೆಯನ್ನು ಅವನು ಜಪ್ಪಯ್ಯ ಅಂದರೂ ಓದುತ್ತಿರಲಿಲ್ಲ. ಕತ್ತರಿಸಿ ಎಸೆದ ಉಗುರನ್ನು ಮತ್ತೆ ಯಾರಾದರೂ ಹುಡುಕುತ್ತಾರೆಯೇ ಎನ್ನುತ್ತಿದ್ದ. ಸಂಚಿಕೆ ಬಂದರೆ ಹೆಂಡತಿ ಓದಿ ಅಟ್ಟಕ್ಕೆ ಸೇರಿಸುತ್ತಿದ್ದಳು, ಅವನ ಪೆನ್ಸಿಲ್ ಕರಡುಗಳು ಮಂಚದ ಕೆಳಗಿನ ತಗಡಿನ ಪೆಟ್ಟಿಗೆ ಸೇರುತ್ತಿದ್ದವು. ಎರಡಕ್ಕೂ ಮುಖಾಮುಖಿಯೇ ಆಗಿರಲಿಲ್ಲ.

ಹೀಗಿರುವಾಗ ಒಂದು ಇಪ್ಪತ್ತೇಳನೇ ತಾರೀಖು ಪತ್ರಿಕೆಯ ಸಂಪಾದಕಿ ಫೋನು ಮಾಡಿದಳು. ಮುಂದಿನ ಸಂಚಿಕೆ ವಿಶೇಷ ಸಂಚಿಕೆ. ಹಳೆಯ ಯಾವ ಪಾತ್ರವನ್ನು ಮತ್ತೆ ನೋಡಬೇಕು ಎಂದು ಓದುಗರನ್ನು ಕೇಳಿದ್ದರಂತೆ. ನೂರಾರು ಕಾಗದ ಬಂದಿವೆ, ಅರ್ಧಕ್ಕರ್ಧ ಜನ ಒಬ್ಬನನ್ನೇ ಕೇಳಿದ್ದಾರೆ: ಇಪ್ಪತ್ತೆರಡು ವರ್ಷದ ಹಿಂದಿನ ಆ ಗಡಿಯಾರ ರಿಪೇರಿಯವನು. ಅವನು ಆಮೇಲೆ ಎಲ್ಲಿಗೆ ಹೋದ ಅಂತ ಬರೆದುಕೊಡಬೇಕು ಎಂದಳು.

"ಎಲ್ಲಿಗೆ ಹೋಗ್ತಾನಮ್ಮ? ಅವನು ಸತ್ತು ಹೋದ್ನಲ್ಲ" ಎಂದ ಕಥೆಗಾರ.

"ಇಲ್ಲ ಸಾರ್, ಬಸ್ಸಿಂದ ಇಳೀತಾನೆ. ಗಡಿಯಾರ ಹೆಗಲ ಮೇಲಿಟ್ಕೊಂಡು ನಡ್ಕೊಂಡು ಹೋಗ್ತಾನೆ. ಅಲ್ಲಿಗೇ ಮುಗಿಯುತ್ತೆ. ನಮ್ಮಮ್ಮ ಆ ಕೊನೆ ಸಾಲನ್ನ ಬಾಯಿಪಾಠ ಹೇಳ್ತಿದ್ರು."

ಕಥೆಗಾರ ಫೋನಿಟ್ಟು ಕೂತ. ಆ ಗಡಿಯಾರದವನು ಬೇರೆ ಯಾರೂ ಅಲ್ಲ, ಅವನ ಅಪ್ಪ. ಇಬ್ಬರು ನಿಂತರೆ ಮೂರನೆಯವನು ಬೀದಿಯಲ್ಲಿ ನಿಲ್ಲಬೇಕಾದಂಥ ಅಂಗಡಿಯಲ್ಲಿ, ಒಂದು ಕಣ್ಣಿಗೆ ಗಾಜು ಸಿಕ್ಕಿಸಿಕೊಂಡು, ಇನ್ನೊಂದು ಕಣ್ಣಲ್ಲಿ ಮಕ್ಕಳ ಚೇಷ್ಟೆ ನೋಡುತ್ತಿದ್ದ ಅಪ್ಪ. ಕಥೆಗಾರನಿಗೆ ಹನ್ನೊಂದು ವರ್ಷವಾಗಿದ್ದಾಗ, ರಿಪೇರಿಯಾದ ಗೋಡೆ ಗಡಿಯಾರವೊಂದನ್ನು ಪಕ್ಕದೂರಿನ ಶಾಲೆಗೆ ತಲುಪಿಸಲು ಬಸ್ಸು ಹತ್ತಿದವನು ಸೀಟಿನಲ್ಲೇ ಕಣ್ಣು ಮುಚ್ಚಿದ. ಕಂಡಕ್ಟರ್ ನಿದ್ದೆ ಎಂದುಕೊಂಡನಂತೆ, ತೊಡೆಯ ಮೇಲೆ ಗಡಿಯಾರ ನಡೆಯುತ್ತಲೇ ಇತ್ತಂತೆ. ಅದನ್ನೇ ಕಥೆಗಾರ ಬರೆದಿದ್ದ. ಬರೆಯುವಾಗ ಪೆನ್ಸಿಲ್ ಮುರಿಯುವಷ್ಟು ಒತ್ತಿ ಬರೆದದ್ದು ಅವನಿಗೆ ಇವತ್ತಿಗೂ ನೆನಪಿತ್ತು.

ಮಂಚದ ಕೆಳಗಿನ ಪೆಟ್ಟಿಗೆಯಿಂದ ಆ ಕರಡು ಹುಡುಕಿ ತೆಗೆದು, ಹೆಂಡತಿಯ ಕೈಯಲ್ಲಿ ಏಣಿ ಹಿಡಿಸಿ ಅಟ್ಟ ಹತ್ತಿದ. ಕರಡನ್ನೂ ಅಚ್ಚಾದದ್ದನ್ನೂ ಪಕ್ಕಪಕ್ಕ ಇಟ್ಟ. ಕೊನೆಯ ಎಂಟು ಸಾಲಿನ ತನಕ ಎಲ್ಲವೂ ಅಸಲಿನಂತೆ ಇತ್ತು. ಆಮೇಲೆ ಅವನ ಸಾಲುಗಳಿರಲಿಲ್ಲ. ಬಸ್ಸು ನಿಂತಿತು, ಅವನು ಇಳಿದ, ಕಿವಿ ಹಚ್ಚಿ ಗಡಿಯಾರ ಕೇಳಿದ, ಹೆಗಲಿಗೇರಿಸಿಕೊಂಡು ನಡೆದ. ಅಷ್ಟೇ. ಕಥೆಗಾರನಿಗೆ ಸಿಟ್ಟು ಬಂತು. ಇಪ್ಪತ್ತೆರಡು ವರ್ಷ ಜನ ಹೊಗಳಿದ್ದು ಯಾರನ್ನು ಹಾಗಾದರೆ? ನಿನಗೆ ಗೊತ್ತಿತ್ತೇ ಎಂದು ಹೆಂಡತಿಯ ಮೇಲೆ ಹರಿಹಾಯ್ದ. ಅವಳು ಏಣಿ ಬಿಡದೆ, ಕರಡನ್ನು ತನಗೆ ಯಾವತ್ತು ತೋರಿಸಿದ್ದಿರಿ, ಅಚ್ಚಾದದ್ದನ್ನು ನೀವು ಯಾವತ್ತು ಓದಿದಿರಿ ಎಂದು ತಿರುಗಿ ಕೇಳಿದಳು.

ಒಂದನ್ನು ಬದಲಾಯಿಸಿದ ಅಕ್ಕ ಇನ್ನೆಷ್ಟು ಬದಲಾಯಿಸಿರಬೇಕು ಎಂಬ ಹುಳ ತಲೆಗೆ ಹೊಕ್ಕಿತು. ಆ ತಿಂಗಳು ಗ್ರಂಥಾಲಯದ ಐದು ಪುಸ್ತಕ ತೆರೆಯಲೇ ಇಲ್ಲ. ಹತ್ತು ದಿನವೂ ಬಲಗೈಯಲ್ಲಿ ಕರಡು, ಎಡಗೈಯಲ್ಲಿ ಸಂಚಿಕೆ ಹಿಡಿದು ಓದಿದ್ದೇ ಓದಿದ್ದು. ಅಕ್ಕ ನಕಲು ಮಾಡಿದ್ದು ಮುನ್ನೂರಕ್ಕೂ ಮೇಲೆ. ಅವನು ಎಲ್ಲೋ ಎಡವಿದ ಜಾಗದಲ್ಲಿ ಅವಳೂ ಎಡವಿದ್ದಳು, ಒಂದು ಕಥೆಯಲ್ಲಿ ಅವನು ಮರೆತು ನಾಯಕಿಗೆ ಎರಡು ಸಲ ಊಟ ಮಾಡಿಸಿದ್ದರೆ ಅವಳೂ ಎರಡು ಸಲ ಮಾಡಿಸಿದ್ದಳು. ಒಂದಕ್ಷರವೂ ಬದಲಾಗಿರಲಿಲ್ಲ. ಬದಲಾದದ್ದು ಆ ಎಂಟು ಸಾಲು ಮಾತ್ರ. ಓದುತ್ತ ಓದುತ್ತ ಹಳೆಯ ದಿನಗಳೆಲ್ಲ ಬಂದು ಮುತ್ತಿಕೊಂಡವು: ಮಹಡಿ ಮೆಟ್ಟಿಲು ಹತ್ತುವಾಗಲೇ ಕೇಳುತ್ತಿದ್ದ ಅವಳ ನಿಬ್ಬಿನ ಪರಪರ ಸದ್ದು, ಶಾಯಿ ಹೀರುವ ಕಾಗದ, ತಲೆ ಎತ್ತದೆ "ಈ ಪದ ಏನೋ?" ಎಂದು ಬೆರಳಿಟ್ಟು ಕೇಳುತ್ತಿದ್ದ ಅಕ್ಕ. ಎಷ್ಟು ಸುಖವಾಗಿದ್ದೆವು ಆಗ ಎಂದು ಅವನಿಗೆ ಅನ್ನಿಸಿತು, ಅನ್ನಿಸಿ ಸಿಟ್ಟು ಇನ್ನೂ ಹೆಚ್ಚಾಯಿತು.

ಮುಖ ಊದಿಸಿಕೊಂಡೇ ಮಹಡಿ ಹತ್ತಿದ. ಅಕ್ಕ ಬಿಸಿಲಿಗೆ ಕಾಲು ನೀಡಿ ಬಟಾಣಿ ಬಿಡಿಸುತ್ತಿದ್ದಳು, ಅರ್ಧ ಕಾಳು ಬಟ್ಟಲಿಗೆ, ಅರ್ಧ ನೆಲಕ್ಕೆ. ಅರವತ್ತನಾಲ್ಕರ ತಮ್ಮನನ್ನು ಅವಳು ಈಗಲೂ ಮರಿ ಎಂದೇ ಕರೆಯುತ್ತಿದ್ದಳು. ಯಾಕೋ ಮರಿ, ಹೆಜ್ಜೆ ಸದ್ದು ಹೀಗಿದೆ ಎಂದು ಕೇಳಿದಳು. ಅವನು ಪೀಠಿಕೆ ಹಾಕಲಿಲ್ಲ.

"ನಾನು ಸಾಯಿಸಿದವನನ್ನ ನೀನು ಯಾಕೆ ಬಸ್ಸಿಂದ ಇಳಿಸ್ದೆ?"

ಅಕ್ಕ ಬಟಾಣಿ ಬಿಡಿಸುವುದನ್ನು ನಿಲ್ಲಿಸಿದಳು. ಅರ್ಥವಾಗದವಳಂತೆ ನಟಿಸಲಿಲ್ಲ. ಇಷ್ಟು ದಿನ ಬೇಕಾಯಿತೇ ಎಂದು ಮಾತ್ರ ಅಂದಳು. ನಿನ್ನ ಕಥೆ ನೀನೇ ಓದುವುದಿಲ್ಲವೆಂಬ ಧೈರ್ಯದಲ್ಲಿ ಬರೆದದ್ದಲ್ಲ, ಓದುತ್ತೀಯೆಂದೇ ಹೆದರಿಕೊಂಡು ಬರೆದೆ, ಆ ತಿಂಗಳೆಲ್ಲ ನೀನು ಬಂದು ಜಗಳ ಆಡುತ್ತೀಯೆಂದು ಕಾದೆ ಎಂದಳು. ಅವನು ಪಟ್ಟು ಬಿಡಲಿಲ್ಲ. ಊರಿನವರ ಕ್ರಯಪತ್ರದಲ್ಲಿ ಚುಕ್ಕೆ ಬದಲಾಯಿಸದವಳು ತಮ್ಮನ ಕಥೆಗೆ ಕೈ ಹಾಕಬಹುದೇ ಎಂದು ಕೇಳಿದ. ಕೇಳುವಾಗ ದನಿ ಏರಿತ್ತು.

"ಆವತ್ತು ಆಸ್ಪತ್ರೇಲಿ ಒಂದು ಅರ್ಜಿ ಕೊಟ್ರು" ಎಂದಳು ಅಕ್ಕ. "ಸತ್ತವರ ಹೆಸರು, ನಿಮಗೆ ಏನಾಗಬೇಕು, ಸತ್ತಿದ್ದು ಎಷ್ಟು ಹೊತ್ತಿಗೆ. ಅಮ್ಮ ನೆಲದ ಮೇಲೆ ಬಿದ್ದಿದ್ಲು. ನಂಗೆ ಹತ್ತೊಂಬತ್ತು. ನಾನೇ ತುಂಬ್ದೆ ಮರಿ, ನನ್ನ ಕೈಯಲ್ಲೇ. ನೀನು ಬರ್ದಿದ್ದು ಚೆನ್ನಾಗೇ ಇತ್ತು. ಆದ್ರೆ ಎರಡನೇ ಸಲ ಬರೆಯೋಕೆ ನಂಗೆ ಆಗ್ಲಿಲ್ಲ."

ಆ ದಿನದ್ದೆಲ್ಲ ಚಿಕ್ಕಪ್ಪ ನೋಡಿಕೊಂಡ ಎಂದೇ ಕಥೆಗಾರ ಐವತ್ತಮೂರು ವರ್ಷ ತಿಳಿದಿದ್ದ. ಯಾರನ್ನೂ ಕೇಳಿರಲಿಲ್ಲ. ಅದರ ಮೇಲೆ ಕಥೆ ಕಟ್ಟಿ, ನಕಲು ಮಾಡೆಂದು ಅವಳ ಮುಂದೆಯೇ ಇಟ್ಟು, ನಾಳಿದ್ದರೊಳಗೆ ಬೇಕು ಎಂದು ಬೇರೆ ಹೇಳಿ ಹೋಗಿದ್ದ. ಅವನಿಗೆ ನಾಚಿಕೆಯಾಯಿತು. ನೆಲಕ್ಕೆ ಕೂತು ಚೆಲ್ಲಿದ ಬಟಾಣಿ ಆರಿಸಿದ, ಕಾಳು ಸರಿಯಾಗಿ ಕಾಣಿಸುತ್ತಿರಲಿಲ್ಲ.

ಎಲ್ಲ ಆರಿಸಿಯಾದ ಮೇಲೆ ಸಂಪಾದಕಿಯ ಮಾತು ಹೇಳಿದ. ಜನ ಕೇಳುತ್ತಿದ್ದಾರೆ, ತನಗೆ ಒಂದು ಸಾಲೂ ಹೊಳೆಯುತ್ತಿಲ್ಲ, ತನ್ನ ಮನುಷ್ಯ ಸೀಟಿನಲ್ಲೇ ಕೂತಿದ್ದಾನೆ, ಏಳುತ್ತಿಲ್ಲ ಎಂದ. ಆಮೇಲೆ ತಗ್ಗಿದ ದನಿಯಲ್ಲಿ ಕೇಳಿದ.

"ಇಳಿದು ಎಲ್ಲಿಗೆ ಹೋದ ಅಕ್ಕ?"

ಅಕ್ಕನಿಗೆ ಯೋಚಿಸಬೇಕಾಗಿರಲಿಲ್ಲ. ಇಪ್ಪತ್ತೆರಡು ವರ್ಷದಿಂದ ಅವಳಿಗೆ ಗೊತ್ತಿತ್ತು. ಶಾಲೆಗೆ ಹೋದ, ಗಡಿಯಾರ ತೂಗುಹಾಕಿದ, ಮೊಳೆ ಸಡಿಲವಿತ್ತೆಂದು ಜವಾನನಿಗೆ ಬೈದ. ಹೆಡ್‌ಮಾಸ್ತರು ಚಹಾ ಕೊಟ್ಟರು, ಸಕ್ಕರೆ ಕಡಿಮೆಯಾಗಿತ್ತು, ಹೇಳಲು ಸಂಕೋಚವಾಗಿ ಹಾಗೆಯೇ ಕುಡಿದ. ಕಥೆಗಾರ ಜೇಬಿನಿಂದ ಪೆನ್ಸಿಲ್ ತೆಗೆದ. ಕಾಗದವಿರಲಿಲ್ಲ, ಅಕ್ಕನ ಔಷಧದ ಚೀಟಿಗಳ ಹಿಂಬದಿಯಲ್ಲೇ ಬರೆದ. ನಾಲ್ಕು ಮಧ್ಯಾಹ್ನ ಅವಳು ಹೇಳಿದಳು, ಇವನು ಬರೆದ. ಕೊನೆಗೆ ಸಂಜೆಯ ಬಸ್ಸು ಬಂತು. ನಿಲ್ದಾಣದಲ್ಲಿ ಮಗಳು ನಿಂತಿದ್ದಳು, ಹನ್ನೊಂದು ವರ್ಷದ ಮಗ ಓಡಿ ಬಂದು ಅಪ್ಪನ ಖಾಲಿ ಚೀಲ ಇಸಿದುಕೊಂಡ. ಯಾಕೆ ಇಷ್ಟು ತಡ ಎಂದು ಮಗಳು ಸಿಡುಕಿದಳು. ಬಸ್ಸು ತಡವಾಯಿತು ಎಂದ ಅಪ್ಪ.

ಪ್ರತಿ ಮಾಡುವಾಗ ಕಥೆಗಾರನ ಕೈ ತುರಿಸಿದ್ದು ಸುಳ್ಳಲ್ಲ. ಚಹಾದ ಭಾಗ ಉದ್ದವಾಯಿತು, ಜವಾನ ಅನಗತ್ಯ ಅನ್ನಿಸಿತು. ಆದರೆ ಒಂದಕ್ಷರ ಮುಟ್ಟಲಿಲ್ಲ. ತಾಳ್ಮೆಯಿಂದ, ಶಾಲೆಯ ಹುಡುಗನಂತೆ ಗುಂಡಗೆ ಬರೆದು, ಕೊನೆಯಲ್ಲಿ 'ಅಸಲಿನಂತೆ ಇದೆ' ಎಂದು ಸೇರಿಸಿ ರುಜು ಹಾಕಿದ. ಮೇಲೆ ಅಕ್ಕನ ಹೆಸರು ಹಾಕಲು ಹೋದರೆ ಅವಳು ಗದರಿದಳು, ಕೊನೆಗೆ ಇಬ್ಬರ ಹೆಸರಿಗೂ ಒಪ್ಪಿದಳು. ಕಥೆ ಇಪ್ಪತ್ತೈದಕ್ಕೇ ತಲುಪಿತು.

ಸಂಚಿಕೆ ಬಂದ ದಿನ ಅವನು ಅದನ್ನು ಅಟ್ಟಕ್ಕೆ ಹೋಗಲು ಬಿಡಲಿಲ್ಲ. ಕಂಕುಳಲ್ಲಿಟ್ಟುಕೊಂಡು ಅಕ್ಕನ ಮಹಡಿಗೆ ಹೋಗಿ, ಅಚ್ಚಾದ ತನ್ನ ಕಥೆಯನ್ನು ಗಟ್ಟಿಯಾಗಿ ಓದಿದ. ಅಕ್ಕ ಕಣ್ಣು ಮುಚ್ಚಿ, ನಡುಗುವ ಎರಡು ಕೈಯನ್ನೂ ಮಡಿಲಲ್ಲಿ ಒತ್ತಿಕೊಂಡು ಕೇಳಿದಳು. ಮುಗಿದ ಮೇಲೆ ಅವನು ಸಂಚಿಕೆ ಮಡಿಚಲು ಹೋದ.

"ಇನ್ನೊಂದ್ಸಲ ಓದೋ ಮರಿ" ಎಂದಳು ಅಕ್ಕ. "ಸಂಜೆ ಬಸ್ಸು ಬಂತಲ್ಲ, ಅಲ್ಲಿಂದ."