ಎದುರಂಗಡಿಯವಳು

ಹೋಗಲೋ, ಬೇಡವೋ?

ಹೋದರೆ ಅವಳ ಕೆಲಸ ಹೋಗಬಹುದು. ಹೋಗದಿದ್ದರೆ ತನ್ನದು ಹೋಗುವುದು ಖಂಡಿತ. ಬಹುದು ಎನ್ನುವುದಕ್ಕೂ ಖಂಡಿತ ಎನ್ನುವುದಕ್ಕೂ ನಡುವೆ ಒಂದು ರಸ್ತೆಯಷ್ಟಾದರೂ ಅಗಲವಿದೆ ಎಂದು ಅವನು ತನಗೆ ತಾನೇ ಸಮಾಧಾನ ಹೇಳಿಕೊಂಡ. ಆ ರಸ್ತೆಯ ಅಂಚಿನಲ್ಲೇ ನಿಂತಿದ್ದ. ಬೆನ್ನ ಹಿಂದೆ ಕೆಂಪು ಬೋರ್ಡಿನ ಅಂಗಡಿ, ಅವನು ದುಡಿಯುವುದು. ಎದುರಿಗೆ ಹಸಿರು ಬೋರ್ಡಿನದು, ಅವನ ಹೆಂಡತಿ ದುಡಿಯುವುದು. ಬಸ್ಸೊಂದು ನಡುವೆ ಹಾದು ಹೋಯಿತು. ಅದು ಹೋದ ಮೇಲೂ ಹಸಿರು ಬೋರ್ಡು ಅಲ್ಲೇ ಇತ್ತು. ಇರದೆ ಎಲ್ಲಿಗೆ ಹೋಗುತ್ತದೆ?

ಬೆಳಿಗ್ಗೆ ಅವಳು ಜಡೆ ಹೆಣೆದುಕೊಳ್ಳುತ್ತಾ, ಗೋಡೆಯ ಕಡೆ ಮುಖ ಮಾಡಿಕೊಂಡೇ ಹೇಳಿದ್ದಳು.

"ರೀ, ಇವತ್ತೊಂದಿನ ನಮ್ಮ ಅಂಗಡಿಗೆ ಬರಬೇಡಿ."

"ಯಾಕೆ?"

"ಯಾಕೆ ಅಂತ ಹೇಳಿದ್ರೆ ಅಂಗಡಿ ಮಾತಾಗುತ್ತೆ. ಬರಬೇಡಿ, ಅಷ್ಟೆ."

ಮನೆಯೊಳಗೆ ಅಂಗಡಿ ಮಾತು ಆಡಬಾರದೆಂದು ಗಂಡಹೆಂಡತಿ ಇಬ್ಬರೂ ಸೇರಿ ಮಾಡಿಕೊಂಡ ಕಟ್ಟಳೆ ಅದು. ಅವನಿಗಿಂತ ಅವಳೇ ಅದನ್ನು ನಿಯತ್ತಿನಿಂದ ಪಾಲಿಸುತ್ತಿದ್ದಳು.

ಎರಡೂ ಕಂಪನಿಗಳಿಗೆ ಸುತ್ತಲಿನ ಊರುಗಳಲ್ಲೆಲ್ಲ ಶಾಖೆಗಳಿದ್ದವು. ಇಲ್ಲಿಗೆ ಮೊದಲು ಬಂದವರು ಕೆಂಪಿನವರು. ಅವರು ಬಂದಮೇಲೆ ರಸ್ತೆಯ ದಿನಸಿ ಅಂಗಡಿಗಳು ಒಂದೊಂದಾಗಿ ಬಾಗಿಲೆಳೆದವು. ಆಮೇಲೆ ಹಸಿರಿನವರು ಬಂದು, ಮೂಗಿಗೆ ಮೂಗು ತಾಗಿಸಿದ ಹಾಗೆ, ಅದರ ಎದುರಿಗೇ ಅಂಗಡಿ ತೆರೆದರು. ಶುರುವಾಯಿತು ಜಟಾಪಟಿ. ಇಲ್ಲಿ ಎಣ್ಣೆ ಇಳಿದರೆ ಅಲ್ಲಿ ಸಕ್ಕರೆ ಇಳಿಯಿತು. ಅಲ್ಲಿ ಸಕ್ಕರೆ ಇಳಿದರೆ ಇಲ್ಲಿ ಸೋಪು. ಗಿರಾಕಿಗಳು ಚೀಲ ಹಿಡಿದು ರಸ್ತೆ ದಾಟಿ ದಾಟಿ ನಗುತ್ತಿದ್ದರು.

ಅವನ ಕೆಲಸ ಮೂಟೆ ಹೊರುವುದು, ಶೆಲ್ಫ್ ತುಂಬುವುದು. ಅದರ ಜೊತೆಗೆ ಬಂದದ್ದು ಈ ಹೊಸ ಕೆಲಸ. ದಿನಾ ಬೆಳಿಗ್ಗೆ ಕೆಂಪು ಅಂಗಿ ಕಳಚಿ, ಸ್ವಂತ ಅಂಗಿ ತೊಟ್ಟು, ಗಿರಾಕಿಯ ಹಾಗೆ ಹಸಿರಂಗಡಿಗೆ ಹೋಗಬೇಕು. ಬೆಲೆಗಳನ್ನು ನೋಡಿಕೊಂಡು ಬರಬೇಕು. ಚೀಟಿ ಪೆನ್ನು ತೆಗೆದರೆ ಕುತ್ತಿಗೆ ಹಿಡಿದು ಆಚೆ ಹಾಕುತ್ತಾರೆ; ಮೊಬೈಲು ಎತ್ತಿದರೆ ಕೇಳುವುದೇ ಬೇಡ. ಹಾಗಾಗಿ ಎಲ್ಲವೂ ಬಾಯಿಪಾಠ. ಅದಕ್ಕೇ ಅವನ ಮ್ಯಾನೇಜರು ಅವನಿಗೆ ಗಿಳಿ ಎಂದು ಹೆಸರಿಟ್ಟಿದ್ದ.

"ಬಂತು ನೋಡಿ ನಮ್ಮ ಗಿಳಿ. ಒಪ್ಪಿಸಪ್ಪಾ ಪಾಠ."

ಅವನು ಕೈಕಟ್ಟಿ ನಿಂತು ಒಪ್ಪಿಸುತ್ತಿದ್ದ. ಸ್ವಲ್ಪ ಹೊತ್ತಿಗೆ ಕೆಂಪಂಗಡಿಯ ಬೆಲೆಗಳು ಎದುರಿನವಕ್ಕಿಂತ ಒಂದು ಕಾಸು ಕೆಳಗಿರುತ್ತಿದ್ದವು.

ಹೆಂಡತಿಯನ್ನೂ ಕೆಂಪಂಗಡಿಗೇ ಸೇರಿಸಬೇಕೆಂದು ಅವನು ಒಮ್ಮೆ ಕೇಳಿದ್ದುಂಟು. "ಒಂದೇ ಮನೆಯವರು ಇಬ್ರಿದ್ರೆ ಅಂಗಡಿನೇ ಹೊತ್ಕೊಂಡು ಹೋಗ್ತೀರಿ" ಎಂದು ಮ್ಯಾನೇಜರು ನಕ್ಕಿದ್ದ. ಅವಳು ಹಸಿರಂಗಡಿಗೆ ಹೋದಳು. ಅಲ್ಲಿ ಕೇಳಿದರು: ಎದುರಂಗಡಿಯಲ್ಲಿ ನಿಮ್ಮವರು ಯಾರಾದರೂ ಇದ್ದಾರಾ? ಇದ್ದರೆ ಕೆಲಸವಿಲ್ಲ. ಯಾರೂ ಇಲ್ಲ ಎಂದಳು. ಗಂಡ ಗೋಡೆಗೆ ಬಣ್ಣ ಬಳಿಯುತ್ತಾನೆ ಎಂದಳು. ಬಿಲ್ಲಿಂಗ್ ಕೌಂಟರಿನಲ್ಲಿ ಕೆಲಸ ಸಿಕ್ಕಿತು. ಅಂದಿನಿಂದ ಹಸಿರಂಗಡಿಯೊಳಗೆ ಅವರಿಬ್ಬರೂ ಅಪರಿಚಿತರು.

"ಚೀಲ ಬೇಕಾ ಸರ್?"

"ಬೇಡ ಮೇಡಂ."

ಮೊದಮೊದಲು ಅದೊಂದು ಆಟವಾಗಿತ್ತು. ರಾತ್ರಿ ತಟ್ಟೆ ಮುಂದೆ ಕೂತು ಅವನು, "ಮೇಡಂ, ಇನ್ನೊಂಚೂರು ಅನ್ನ?" ಎನ್ನುತ್ತಿದ್ದ. ಅವಳು, "ಬಿಲ್ ಮಾಡಿಸಿದ್ರಾ ಸರ್?" ಎನ್ನುತ್ತಿದ್ದಳು. ಅವನ ಅಮ್ಮನಿಗೆ ನಗು ತಡೆಯುತ್ತಿರಲಿಲ್ಲ. "ಒಂದೇ ಚಾಪೆ, ಎರಡು ಕಂಪನಿ. ನಡುವೆ ನನ್ನನ್ನ ಕಾವಲಿಗೆ ಹಾಕ್ಬಿಡಿ" ಎನ್ನುತ್ತಿದ್ದಳು.

ನಗು ಬತ್ತಿತು. ಬೆಲೆ ಇಳಿದಂತೆಲ್ಲ ಬೇರೇನೋ ಇಳಿಯಲೇಬೇಕಿತ್ತು. ಕೆಂಪಂಗಡಿಯಲ್ಲಿ ಮೂಟೆ ಹೊರುವವರಲ್ಲಿ ಅರ್ಧ ಜನರನ್ನು ಕಳಿಸಿದರು. ಅವರ ಮೂಟೆಗಳು ಅವನ ಬೆನ್ನಿಗೆ ಬಂದವು. ಹಸಿರಂಗಡಿಯಲ್ಲಿ ಎರಡು ಕೌಂಟರ್ ಬಿಟ್ಟು ಮಿಕ್ಕವನ್ನು ಮುಚ್ಚಿದರು. ಕೂತರೆ ಕೈ ನಿಧಾನವಾಗುತ್ತದೆಂದು ಸ್ಟೂಲುಗಳನ್ನೂ ಎತ್ತಿಸಿದರು. ಅವಳ ಪಾದಗಳು ಊದಿಕೊಂಡವು. ಒಂದು ಸಂಜೆ ಅಮ್ಮ ಸೊಸೆಯ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಒತ್ತುತ್ತಾ ಹೇಳಿದಳು:

"ಎಣ್ಣೆ ಬೆಲೆ ಇಳೀತು ಅಂತ ಊರೆಲ್ಲ ಕುಣೀತಿದೆ. ಇಳಿದಿದ್ದು ಎಲ್ಲಿಗೆ ಅಂತ ಈ ಕಾಲು ನೋಡಿದ್ರೆ ಗೊತ್ತಾಗುತ್ತೆ."

ಅವನು ಮಗ್ಗುಲು ಬದಲಿಸಿ ಗೋಡೆ ನೋಡಿದ. ಬೆಳಿಗ್ಗೆ ತಾನು ಒಪ್ಪಿಸುವ ಪಾಠವೇ ಸಂಜೆ ಈ ಕಾಲುಗಳಾಗಿ ಮನೆಗೆ ಬರುತ್ತಿದೆ. ಗೊತ್ತಿತ್ತು. ಗೊತ್ತಿದ್ದದ್ದನ್ನು ಹೇಗೆ ಹೇಳುವುದೆಂದು ಗೊತ್ತಿರಲಿಲ್ಲ.

ನಿನ್ನೆ ನಡೆದದ್ದು ಬೇರೆ. ಹಸಿರಿನವರು ಎಣ್ಣೆಯ ಮೇಲೆ ದೊಡ್ಡದೊಂದು ಆಫರ್ ಹಾಕಲು ಗುಟ್ಟಾಗಿ ತಯಾರಿ ಮಾಡಿದ್ದರು. ಅವರ ಶಟರ್ ಮೇಲೇಳುವ ಮುಂಚೆಯೇ ಕೆಂಪಂಗಡಿಯ ಬೋರ್ಡಿನ ಮೇಲೆ ಅದೇ ಎಣ್ಣೆ, ಇನ್ನೊಂದು ಕಾಸು ಕಡಿಮೆಗೆ ಬಂದಿತ್ತು. ಬೋರ್ಡು ಕಟ್ಟಿದವನು ಅವನೇ. ಆದರೆ ಆ ಬೆಲೆ ಅವನ ಪಾಠದಲ್ಲಿ ಇರಲಿಲ್ಲ.

"ಇದನ್ನ ಯಾರು ಹೇಳಿದ್ರು ಸರ್?" ಎಂದು ಕೇಳಿದ್ದ.

"ಗಿಳಿ ಹೇಳ್ಬೇಕು. ಕೇಳ್ಬಾರದು" ಎಂದಿದ್ದ ಮ್ಯಾನೇಜರು.

ಹಸಿರಂಗಡಿಯಲ್ಲಿ ಈಗ ಒಳಗಿನ ಕಳ್ಳರನ್ನು ಹುಡುಕುತ್ತಿದ್ದಾರೆ. ಅವಳು ಬಾಯಿಬಿಟ್ಟು ಹೇಳದಿದ್ದರೂ ಅಷ್ಟು ಊಹಿಸಬಲ್ಲವನಾಗಿದ್ದ. ಅದಕ್ಕೇ ಬೆಳಿಗ್ಗೆ, "ಸರ್, ಇವತ್ತು ಬೇರೆ ಯಾರನ್ನಾದ್ರೂ ಕಳಿಸಿ, ಮೈ ಸರಿಯಿಲ್ಲ" ಎಂದು ಹೇಳಿನೋಡಿದ್ದ.

"ಮೈ ಸರಿಯಿಲ್ದೆ ಇದ್ರೆ ಮನೆಗೆ ಹೋಗು. ನಾಳೆನೂ ಬರಬೇಡ."

ಅವನು ರಸ್ತೆ ದಾಟಿದ.

ಹಸಿರಂಗಡಿಯ ಬಾಗಿಲಲ್ಲಿ ಕಾವಲಿನವ ನಿಂತಿದ್ದ. ಒಂದು ಕಾಲಕ್ಕೆ ಇದೇ ರಸ್ತೆಯಲ್ಲಿ ಅವನದೇ ದಿನಸಿ ಅಂಗಡಿಯಿತ್ತು. ಈಗಲೂ ಎಲ್ಲರೂ ಸಾಹುಕಾರ್ರೇ ಎಂದೇ ಕರೆಯುತ್ತಾರೆ, ಕೆಲವರು ಮರ್ಯಾದೆಗೆ, ಕೆಲವರು ತಮಾಷೆಗೆ. ಈ ಗಂಡಹೆಂಡತಿ ಜೊತೆಯಾಗಿ ಅವನ ಅಂಗಡಿಗೆ ಬರುತ್ತಿದ್ದದ್ದು ಅವನಿಗೆ ನೆನಪಿತ್ತು. ನೆನಪಿದೆ ಎಂದು ಇಷ್ಟು ದಿನ ಯಾರಿಗೂ ತೋರಿಸಿಕೊಂಡಿರಲಿಲ್ಲ.

"ವಾಪಸ್ ಹೋಗಯ್ಯ. ಒಳಗೆ ಗಾಳಿ ಸರಿಯಿಲ್ಲ" ಎಂದ ತುಟಿ ಅಲ್ಲಾಡಿಸದೆ.

"ಒಂದು ಸೋಪು ತಗೊಂಡು ಬಂದ್ಬಿಡ್ತೀನಿ ಸಾಹುಕಾರ್ರೇ."

"ದಿನಾ ಸೋಪು! ಮೈಮೇಲೆ ಚರ್ಮ ಉಳಿದಿದೆಯಾ ಇನ್ನೂ?"

ಒಳಗೆ ಅವನು ಶೆಲ್ಫುಗಳ ನಡುವೆ ನಡೆದ. ಹಿಟ್ಟು, ಸಕ್ಕರೆ, ಸೋಪು. ಯಾವ ಬೆಲೆಯೂ ತಲೆಯಲ್ಲಿ ನಿಲ್ಲಲಿಲ್ಲ. ಹಸಿರಂಗಡಿಯ ಮ್ಯಾನೇಜರು ಕೌಂಟರುಗಳ ಹಿಂದೆ ಕೈಕಟ್ಟಿ ನಿಂತಿದ್ದ. ಒಂದು ಕೌಂಟರಿನಲ್ಲಿ ಎಲ್ಲರೂ ಅಕ್ಕ ಎನ್ನುವ ವಯಸ್ಸಾದ ಹೆಂಗಸು, ಇನ್ನೊಂದರಲ್ಲಿ ಅವಳು. ಅವನು ಸೋಪು ಹಿಡಿದು ಅಕ್ಕನ ಕ್ಯೂನಲ್ಲಿ ನಿಂತ.

"ಈ ಕಡೆ ಖಾಲಿ ಇದೆ, ಬನ್ನಿ ಸರ್" ಎಂದ ಮ್ಯಾನೇಜರು, ಅವಳ ಕೌಂಟರ್ ತೋರಿಸಿ.

ಅವಳ ಕಣ್ಣು ಸೋಪಿನ ಮೇಲಿತ್ತು.

"ಚೀಲ ಬೇಕಾ ಸರ್?"

"ಬೇಡ ಮೇಡಂ."

ದುಡ್ಡು ಕೊಟ್ಟು ಹೊರಟ. ಬೆನ್ನ ಹಿಂದೆ ಆಳೊಬ್ಬ ಎಣ್ಣೆಯ ಪೆಟ್ಟಿಗೆಗಳನ್ನು ತಲೆಗಿಂತ ಎತ್ತರಕ್ಕೆ ಪೇರಿಸಿದ ಗಾಡಿ ತಳ್ಳಿಕೊಂಡು ಬರುತ್ತಿದ್ದ. ಮುಂಚೆ ಆ ಗಾಡಿಗೆ ಇಬ್ಬರಿರುತ್ತಿದ್ದರು. ಚಕ್ರ ಎಲ್ಲೋ ಸಿಕ್ಕಿತು. ಪೆಟ್ಟಿಗೆಗಳು ವಾಲಿದವು.

"ರೀ!"

ಅವನು ಪಕ್ಕಕ್ಕೆ ಹಾರಿದ. ಅವನು ನಿಂತಿದ್ದ ಜಾಗದಲ್ಲಿ ಪೆಟ್ಟಿಗೆಗಳು ಬಿದ್ದು ಒಡೆದು ಎಣ್ಣೆ ಹರಿಯಿತು. ಯಾರೂ ಎಣ್ಣೆ ನೋಡಲಿಲ್ಲ. ಎಲ್ಲರೂ ಅವಳನ್ನು ನೋಡಿದರು.

ರೀ ಎಂದು ಯಾರನ್ನು ಬೇಕಾದರೂ ಕರೆಯಬಹುದು. ಬಸ್ಸಿನ ಕಂಡಕ್ಟರನನ್ನು, ಚಿಲ್ಲರೆ ಮರೆತು ಹೋಗುವ ಗಿರಾಕಿಯನ್ನು, ಕ್ಯೂ ಮುರಿದು ನುಗ್ಗುವವನನ್ನು. ಆದರೆ ಹೆಂಡತಿ ಗಂಡನನ್ನು ಕರೆಯುವ ರೀ ಬೇರೆ. ಅಕ್ಷರ ಅದೇ, ಬರುವ ಜಾಗ ಬೇರೆ. ಕೇಳಿದವರಿಗೆ ಯಾರೂ ಬಿಡಿಸಿ ಹೇಳಬೇಕಿಲ್ಲ.

"ಯಾರನ್ನ ಕರೆದೆ?" ಮ್ಯಾನೇಜರು ಕೇಳಿದ.

"ಗಿರಾಕಿನ ಸರ್. ಪೆಟ್ಟಿಗೆ ಬೀಳ್ತಿತ್ತು."

"ಗಿರಾಕಿಗೆ ಸರ್ ಅನ್ಬೇಕು ಅಂತ ಹೇಳಿಕೊಟ್ಟಿಲ್ವಾ?"

"ಬೀಳೋ ಪೆಟ್ಟಿಗೆ ಕಾಯಲ್ವಲ್ಲ ಸರ್."

ಕ್ಯೂನಲ್ಲಿ ಯಾರೋ ಕಿಸಕ್ಕೆಂದರು. ಮ್ಯಾನೇಜರು ನಗಲಿಲ್ಲ. ಎಣ್ಣೆ ದಾಟಿ ಅವನ ಹತ್ತಿರ ಬಂದ.

"ಕೆಂಪಂಗಡಿ ಗಿಳಿ ಅಲ್ವಾ ನೀವು? ನೀವು ಬರೋದು ನನಗೆ ಗೊತ್ತು. ನಾವೂ ಅಲ್ಲಿಗೆ ಒಬ್ಬನ್ನ ಕಳಿಸ್ತೀವಿ. ಅದು ವ್ಯಾಪಾರ. ಆದ್ರೆ ಎಣ್ಣೆ ವಿಷಯ ಒಳಗಿಂದ ಹೋಗಿದೆ." ದನಿ ತಗ್ಗಿಸಿ, ತುಂಬ ಮರ್ಯಾದೆಯಿಂದ ಕೇಳಿದ: "ಇವಳು ನಿಮಗೆ ಏನಾಗ್ಬೇಕು?"

ಏನೂ ಅಲ್ಲ ಎಂದರೆ ಅವಳ ಕೆಲಸ ಉಳಿಯುತ್ತದೆ. ಆ ಕ್ಷಣ ಅವನು ಹಾಗೆ ಯೋಚಿಸಿದ. ಹಾಗೆ ಯೋಚಿಸಿದೆನೆಂದು ಆಮೇಲೆ ನಂಬಿಕೊಂಡನೋ ಏನೋ, ಅದು ಅವನಿಗೂ ಸರಿಯಾಗಿ ತಿಳಿಯದು.

"ಏನೂ ಆಗ್ಬೇಕಿಲ್ಲ ಸರ್. ಯಾರೋ."

ಅವಳು ಅವನನ್ನು ನೋಡಲಿಲ್ಲ. ನೆಲದ ಮೇಲೆ ಹರಡುತ್ತಿದ್ದ ಎಣ್ಣೆ ತನ್ನ ಕೌಂಟರಿನ ಬುಡ ಮುಟ್ಟುವವರೆಗೆ ಅದನ್ನೇ ನೋಡಿದಳು.

"ಹೌದು ಸರ್, ಯಾರೋ. ಮದುವೆಯಾಗಿ ಎಂಟು ವರ್ಷ ಆಯ್ತು. ಅಷ್ಟೇ ಪರಿಚಯ."

ನಕ್ಕವರು ಅರ್ಧಕ್ಕೇ ನಿಲ್ಲಿಸಿದರು.

"ಅಂದ್ರೆ ಸುಳ್ಳು ಹೇಳಿ ಸೇರ್ಕೊಂಡೆ. ಎಣ್ಣೆ ವಿಷಯನೂ ನೀನೇ..."

"ಸುಳ್ಳು ಹೇಳಿದ್ದು ಹೌದು. ಎಣ್ಣೆ ವಿಷಯ ನಾನು ಹೇಳಿಲ್ಲ. ನಮ್ಮನೇಲಿ ಅಂಗಡಿ ಮಾತೇ ಆಡಲ್ಲ ಸರ್. ಕಾಲು ಸಿಡೀತಾ ಇದೆ ಅಂದ್ರೆ ಅದೂ ಅಂಗಡಿ ಮಾತಾಗುತ್ತೆ ಅಂತ ಬಾಯಿ ಮುಚ್ಕೊಂಡು ಮಲಗಿದ್ದೀನಿ."

ಕಾಲು ಸಿಡಿಯುತ್ತದೆ ಎಂಬುದನ್ನು ಅವಳ ಬಾಯಿಂದ ಅವನು ಕೇಳಿದ್ದು ಅದೇ ಮೊದಲು, ಹತ್ತು ಜನರ ಜೊತೆ ನಿಂತು.

"ಅಂಗಡಿ ಕೋಟು ಬಿಚ್ಚಿಡು" ಎಂದ ಮ್ಯಾನೇಜರು. ಜೇಬಿನಿಂದ ಮೊಬೈಲು ತೆಗೆದ. ನಂಬರು ಹುಡುಕಲು ಅವನಿಗೆ ಹೊತ್ತೇನೂ ಹಿಡಿಯಲಿಲ್ಲ. "ಹಾಂ, ಗುರುವೇ! ನಿಮ್ಮ ಗಿಳಿ ನನ್ನ ಬೋನಲ್ಲಿದೆ... ಹ್ಹ, ಹೆಂಡ್ತಿ ನನ್ನ ಕೌಂಟರಲ್ಲೇ ಇದ್ದಾಳಲ್ರೀ. ಅವನು ಯಾರೋ ಅಂತಾನೆ... ಇಲ್ಲ ಇಲ್ಲ, ನಮ್ಮದೇನಿದ್ರೂ ಸಂಜೆಗೆ. ಮೊನ್ನೆ ಕೂತಲ್ಲೇ ಕೂರೋಣ. ಎಣ್ಣೆ ಮಾತೂ ಅಲ್ಲೇ ಮುಗಿಸೋಣ, ಇಬ್ರೂ ಒಟ್ಟಿಗೇ ಬೆಲೆ ಏರಿಸಿದ್ರಾಯ್ತು."

ಕೌಂಟರಿನ ಸುತ್ತ ಇದ್ದವರೆಲ್ಲ ಅದನ್ನು ಕೇಳಿಸಿಕೊಂಡರು. ಅಕ್ಕನ ಕೈಯಲ್ಲಿದ್ದ ಸಕ್ಕರೆ ಪೊಟ್ಟಣ ಅಲ್ಲೇ ನಿಂತಿತು.

"ಸರ್," ಎಂದಳು ಅಕ್ಕ, "ನಮ್ಮ ಗಂಡಂದಿರು ಅಲ್ಲಿರಬಾರದು. ನಿಮ್ಮ ಗುರುಗಳು ಇರಬಹುದಾ?"

"ನಿನ್ನ ಕೆಲಸ ನೋಡು."

"ನೋಡ್ತಾನೇ ಇದ್ದೀನಿ. ನನ್ನ ತಮ್ಮ ಕೆಂಪಿನವರ ವ್ಯಾನು ಓಡಿಸ್ತಾನೆ. ನನಗೆ ಒಡಹುಟ್ಟಿದವರೇ ಇಲ್ಲ ಅಂತ ಹೇಳಿ ಸೇರಿದ್ದೆ. ಕೆಲಸಕ್ಕೋಸ್ಕರ ಬದುಕಿರೋನನ್ನ ಬಾಯಲ್ಲೇ ಸಾಯಿಸಿದ್ದೆ. ಇವಳನ್ನ ಕಳಿಸೋದಾದ್ರೆ ನನ್ನನ್ನೂ ಕಳಿಸಿ."

ಅಕ್ಕ ಮೆಷಿನ್ ಆರಿಸಿದಳು. ಒಡೆಯದೆ ಉಳಿದ ಪೆಟ್ಟಿಗೆಯೊಂದನ್ನು ಕಾಲಿನಿಂದ ಎಳೆದುಕೊಂಡು ಅದರ ಮೇಲೆ ಕೂತಳು. ಗಾಡಿ ತಳ್ಳುತ್ತಿದ್ದ ಆಳು ಹಿಡಿ ಬಿಟ್ಟು ಅಕ್ಕನ ಹಿಂದೆ ಹೋಗಿ ನಿಂತ. ಹೆಂಡತಿ ಕೋಟು ಬಿಚ್ಚಲಿಲ್ಲ. ಕೌಂಟರಿನಿಂದ ಆಚೆ ಬಂದು ತಾನೂ ಒಂದು ಪೆಟ್ಟಿಗೆಯ ಮೇಲೆ ಕೂತಳು.

"ಕೂತೇ ಮಾತಾಡೋಣ ಸರ್."

ಕ್ಯೂ ಬಾಗಿಲವರೆಗೆ ಬೆಳೆದಿತ್ತು. ಬಿಲ್ ಮಾಡುವವರಿಲ್ಲ. ಮ್ಯಾನೇಜರ ಕಿವಿ ಕೆಂಪೇರಿತ್ತು. ಅವನು ಗಿಳಿಯ ಹೆಗಲ ಮೇಲೆ ಕೈಯಿಟ್ಟ.

"ನೀನು ಹೊರಡಪ್ಪ. ಯಾರೋ ಅಂದ್ಯಲ್ಲ, ನಿಮ್ಮವರಿಗೆ ಹೇಳಿದ್ದೀನಿ. ನಿನ್ನ ಕೆಲಸಕ್ಕೇನೂ ತೊಂದ್ರೆ ಇಲ್ಲ."

ಬಾಗಿಲು ತೆರೆದೇ ಇತ್ತು. ಸಾಹುಕಾರ ಅದನ್ನು ಹಿಡಿದುಕೊಂಡು ನಿಂತಿದ್ದ, ಹೋಗು ಎಂದೂ ಹೇಳದೆ, ಇರು ಎಂದೂ ಹೇಳದೆ. ಅವನು ಹೆಗಲ ಮೇಲಿನ ಕೈ ಸರಿಸಿದ. ಎಣ್ಣೆಯ ಮೇಲೆ ಜಾರದ ಹಾಗೆ ಒಂದೊಂದೇ ಹೆಜ್ಜೆಯಿಟ್ಟು ಹೋಗಿ ಹೆಂಡತಿಯ ಪಕ್ಕದಲ್ಲಿ ಕೂತ. ಅವಳು ಸರಿದು ಜಾಗ ಕೊಟ್ಟಳು. ಮುಖ ಕೊಡಲಿಲ್ಲ.

ಸಂಜೆಯೊಳಗೆ ನಾಲ್ವರ ಕೆಲಸವೂ ಹೋಯಿತು. ಅವನದು ಆ ಕಡೆಯಿಂದ, ಮಿಕ್ಕವರದು ಈ ಕಡೆಯಿಂದ. ಮಾರನೆಯ ಬೆಳಿಗ್ಗೆ ಕೆಂಪು ಅಂಗಿಯವರೂ ಹಸಿರು ಕೋಟಿನವರೂ ಎರಡು ಅಂಗಡಿಗಳ ನಡುವಿನ ರಸ್ತೆಯಲ್ಲಿ, ಕೆಲಸಕ್ಕೆ ಹೋಗದೆ, ಒಟ್ಟಿಗೆ ನಿಂತಿದ್ದರು. ಯಾರಿಗೆ ಯಾರು ಏನಾಗಬೇಕು ಎಂದು ಒಬ್ಬೊಬ್ಬರೇ ಕೂಗಿ ಹೇಳುತ್ತಿದ್ದರು: ಅತ್ತಿಗೆ, ಭಾವ, ಮಗಳು, ಅಣ್ಣ. ಬಸ್ಸುಗಳು ನಿಂತಿದ್ದವು. ಅವನೂ ಅಲ್ಲಿ ಮಾತಾಡಿದ. ಆಮೇಲೆ ಕಂಪನಿಯ ದೊಡ್ಡವರ ಎದುರಿಗೂ ಹಲವು ಸಲ ಮಾತಾಡಿದ, ಯಾರೂ ಹೇಳಿಕೊಡದ ಮಾತುಗಳನ್ನೇ ಆಡಿದ. ಅವಳು ಎಲ್ಲವನ್ನೂ ಕೇಳಿಸಿಕೊಂಡಳು.

ಆದರೆ ಆ ದಿನ ಹಸಿರಂಗಡಿಯಲ್ಲಿ ಅವಳ ಮುಂದೆ, ಅಷ್ಟು ಜನರ ಮುಂದೆ ಒಬ್ಬನು ಅವನನ್ನು ಕೇಳಿದಾಗ, ಇವಳು ನನ್ನ ಹೆಂಡತಿ ಎಂದು ಅವನು ಹೇಳಿರಲಿಲ್ಲ.